ಲೂಪೆ ಮೇಡಮ್ಮಿಗೆ ಪೊಬ್ಲಾನೊ ಕೋಳಿ

ಇಷ್ಟೆಲ್ಲಕ್ಕೂ ಕಾರಣ ಕ್ಯಾಮಿಲಸನ ಬಾಯಿ. ಆಫೀಸಿನವರೆಲ್ಲ ಶನಿವಾರ ಸಂಜೆ ಅಬುಧಾಬಿಯ ಕಡಲದಂಡೆಯಾದ ಕಾರ್ನಿಶ್‌ನ ಪಾರ್ಕಿನಲ್ಲಿ ಸೇರುವುದು, ಒಬ್ಬೊಬ್ಬರು ಒಂದೊಂದು ಅಡುಗೆ ತರುವುದು ಎಂದು ತೀರ್ಮಾನವಾದಾಗ ಉಳಿದವರು ಬಿರಿಯಾನಿ, ಸಮೋಸ, ಕೇಕು ಎಂದು ಒಪ್ಪಿಕೊಂಡು ಸುಮ್ಮನಾದರು. ಕ್ಯಾಮಿಲಸ್ ಮಾತ್ರ ಎದ್ದು ನಿಂತು, "ಮೇಡಂ, ನಾನು ನಿಮ್ಮ ದೇಶದ ಕೋಳಿ ಮಾಡಿ ತರುತ್ತೇನೆ. ಮೋಲೆ ಪೊಬ್ಲಾನೊ!" ಎಂದುಬಿಟ್ಟ. ಅವನಿಗೆ ಬರುತ್ತಿದ್ದದ್ದು ಬ್ಯಾಚುಲರ್ ರೂಮಿನಲ್ಲಿ ಕಲಿತ ಮೊಟ್ಟೆ ಸಾರು ಮತ್ತು ದಾಲ್ ಮಾತ್ರ. ಪೊಬ್ಲಾನೊ ಎಂಬ ಹೆಸರನ್ನು ಹಿಂದಿನ ದಿನ ಫೋನಿನಲ್ಲಿ ನೋಡಿದ್ದನಷ್ಟೆ.

ಮೇಡಂ ಅಂದರೆ ಗ್ವಾದಲೂಪೆ. ಮೆಕ್ಸಿಕೊದಿಂದ ಬಂದು ಈಚೆಗೆ ಅಕೌಂಟ್ಸ್ ವಿಭಾಗದ ಮುಖ್ಯಸ್ಥೆಯಾದವರು. ಅಷ್ಟುದ್ದ ಹೆಸರು ಯಾರ ನಾಲಿಗೆಗೂ ಒಗ್ಗದೆ ಎಲ್ಲರಿಗೂ ಲೂಪೆ ಮೇಡಂ ಆಗಿದ್ದರು. ಕ್ಯಾಮಿಲಸನ ಮಾತಿಗೆ ಅವರು ಕನ್ನಡಕ ಸರಿಪಡಿಸಿಕೊಂಡು, "ಓಹ್!" ಎಂದರು. ಅದು ಸಂತೋಷದ ಓಹ್ ಎಂದೇ ಕ್ಯಾಮಿಲಸ್ ತಿಳಿದ.

ಅವನಿಗೆ ಹುಚ್ಚು ಹಿಡಿದಿರಲಿಲ್ಲ, ಹೆದರಿಕೆ ಹಿಡಿದಿತ್ತು. ಕಂಪನಿ ರುವೈಸ್‌ನಲ್ಲಿ ಹೊಸ ಘಟಕ ತೆರೆಯುತ್ತಿತ್ತು. ಅಲ್ಲಿಗೆ ಅಕೌಂಟ್ಸಿನಿಂದ ಒಬ್ಬ ಹೋಗಬೇಕು, ಕ್ಯಾಮಿಲಸ್ ಇಲ್ಲವೇ ಲಾಯ್ಡ್, ಮತ್ತು ಹೆಸರು ಕೊಡುವವರು ಲೂಪೆ ಮೇಡಂ. ರುವೈಸ್ ಅಂದರೆ ಮರಳುಗಾಡಿನಲ್ಲಿ ಮೂರು ತಾಸಿನ ದಾರಿ. ಕ್ಯಾಮಿಲಸ್ ಹತ್ತು ವರ್ಷ ಹಲವರು ಹಂಚಿಕೊಂಡ ಬೆಡ್‌ಸ್ಪೇಸಿನಲ್ಲಿ ಮೇಲಿನ ಮಂಚದಲ್ಲಿ ಮಲಗಿದವನು. ಮಗಳು ರೀಮಾ ನಡೆಯಲು ಕಲಿತದ್ದನ್ನೂ ಮೊದಲ ಹಲ್ಲು ಬಿದ್ದದ್ದನ್ನೂ ಫೋನಿನಲ್ಲಿ ನೋಡಿದವನು. ಹೆಂಡತಿ ಅಗಾತಾಳಿಗೆ ಅಬುಧಾಬಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ, ಹಮ್ದಾನ್ ಸ್ಟ್ರೀಟಿನ ಹಳೆಯ ಕಟ್ಟಡದಲ್ಲಿ ಮೂವರೂ ಒಂದೇ ಸೂರಿನ ಕೆಳಗೆ ಉಣ್ಣತೊಡಗಿ ಎರಡು ವರ್ಷವೂ ಆಗಿರಲಿಲ್ಲ. ಈಗ ರುವೈಸ್‌ಗೆ ಹೋಗುವುದೆಂದರೆ ಆಸ್ಪತ್ರೆ, ಶಾಲೆ ಇಲ್ಲೇ; ಹೋಗುವವನು ಅವನೊಬ್ಬನೇ. ಇದನ್ನು ತಪ್ಪಿಸಲು ಅವನು ಕೋಳಿಯನ್ನಲ್ಲ, ಒಂಟೆಯನ್ನು ಬೇಯಿಸಲೂ ಸಿದ್ಧನಿದ್ದ.

ಶನಿವಾರ ಬೆಳಿಗ್ಗೆ ಅಗಾತಾ ಡ್ಯೂಟಿಗೆ ಹೋದದ್ದೇ ತಡ, ಕ್ಯಾಮಿಲಸ್ ಅವಳ ಏಪ್ರನ್ ಕಟ್ಟಿಕೊಂಡು, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಹೆಸರಿನ ಮೊದಲ ಪದವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಲು ಸಂಕೋಚವಾಗಿ ಅದನ್ನವನು ಬರೀ ಪೊಬ್ಲಾನೊ ಎಂದೇ ಕರೆಯುತ್ತಿದ್ದ. ವಿಡಿಯೊದ ಮೆಕ್ಸಿಕನ್ ಅಜ್ಜಿ ತನ್ನ ಅಂಗಳದಲ್ಲಿ ಕುಳಿತು ಒಣಮೆಣಸನ್ನು ಕಪ್ಪಗಾಗುವವರೆಗೆ ಹುರಿಯುತ್ತಿದ್ದಳು. ಆ ಊರಿನ ಮೆಣಸು ಸಿಗದ್ದರಿಂದ ಕ್ಯಾಮಿಲಸ್ ಬ್ಯಾಡಗಿ ಮೆಣಸನ್ನು ಧಾರಾಳವಾಗಿ ಬಾಣಲೆಗೆ ಸುರಿದ. ಅಜ್ಜಿಗೆ ಅಂಗಳವಿತ್ತು. ಕ್ಯಾಮಿಲಸನ ಅಡುಗೆಮನೆಗೆ ಒಂದು ಕಿಟಕಿಯಿತ್ತು. ಅದಕ್ಕೆ ಬಣ್ಣ ಬಳಿದವನು ಚೌಕಟ್ಟನ್ನೂ ಸೇರಿಸಿ ಬಳಿದಿದ್ದರಿಂದ ಅದು ತೆರೆಯುತ್ತಿರಲಿಲ್ಲ.

ಮೊದಲು ಕ್ಯಾಮಿಲಸ್ ಕೆಮ್ಮಿದ. ಆಮೇಲೆ ರೀಮಾ. ಆಮೇಲೆ ಗೋಡೆಯಾಚೆಯ ಮೆಹರುನ್ನಿಸ, ಎದುರುಮನೆಯ ಲೀಲಮ್ಮ, ಮೇಲಿನ ಮಹಡಿ, ಕೆಳಗಿನ ಮಹಡಿ. ಕೊನೆಗೆ ಕಟ್ಟಡವೇ ಕೆಮ್ಮಿದಂತೆ ಬೆಂಕಿಯ ಅಲಾರಂ ಬಾಯಿಬಿಟ್ಟಿತು.

ಎಲ್ಲರೂ ಮೆಟ್ಟಿಲಿಳಿದು ಬೀದಿಯಲ್ಲಿ ನಿಂತರು. ಒಬ್ಬರು ಲುಂಗಿಯಲ್ಲಿ, ಇನ್ನೊಬ್ಬರು ತಲೆತುಂಬ ಶಾಂಪೂ ನೊರೆಯಲ್ಲಿ. ಕಟ್ಟಡ ಕಾಯುವ ನಾತೂರ್ ಮೂಗು ಮುಚ್ಚಿಕೊಂಡು ಮೇಲೆ ಹೋಗಿ ಬಂದು, ಏಪ್ರನ್ ಕಟ್ಟಿದ್ದ ಏಕೈಕ ವ್ಯಕ್ತಿಯ ಮುಂದೆ ನಿಂತ.

"ಕ್ಯಾ ಪಕಾಯಾ ಭಾಯ್? ಟಾಯರ್?"

"ಡ್ಯಾಡಿ, ದಿಸ್ ಈಸ್ ಸೋ ಎಂಬರಾಸಿಂಗ್," ಎಂದು ರೀಮಾ ಅಪ್ಪನಿಂದ ನಾಲ್ಕು ಹೆಜ್ಜೆ ದೂರ ಸರಿದಳು.

ಮೈಸೂರಿನ ಲೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದರು. "ಏನ್ರೀ ಕ್ಯಾಮಿಲಸ್ ಅವ್ರೇ, ಪೂಜೆ ಮಾಡ್ತಿದ್ದೆ, ದೇವ್ರೇ ಸೀನಿಬಿಟ್ನೇನೋ ಅನ್ನಿಸ್ತು. ಏನು ಮಾಡ್ತಿದ್ರಿ?"

ಕ್ಯಾಮಿಲಸ್ ತಲೆ ತಗ್ಗಿಸಿ ವಿವರಿಸಿದ. ಮೆಣಸು, ಎಳ್ಳು, ನೆಲಗಡಲೆ, ಒಣದ್ರಾಕ್ಷಿ, ಲವಂಗ, ಚೆಕ್ಕೆ, ಎಲ್ಲ ಹುರಿದು ರುಬ್ಬಿ...

"ಅಯ್ಯೋ, ಇದು ಗೊಜ್ಜು ಕಣ್ರೀ!" ಲೀಲಮ್ಮನ ಕಣ್ಣು ಅರಳಿತು. "ನಮ್ಮನೆ ಅನಾನಸ್ ಗೊಜ್ಜು! ಹುಣಸೇಹಣ್ಣು, ಬೆಲ್ಲ ಹಾಕಿದ್ರೋ ಇಲ್ವೋ?"

"ಅದೆಲ್ಲ ಇಲ್ಲ. ಕೊನೆಗೆ ಚಾಕಲೇಟ್ ಹಾಕ್ಲಿಕ್ಕೆ ಉಂಟು."

"ಕೋಳಿಗಾ?" ಎಂದು ಕೇಳಿದವಳು ಮೆಹರುನ್ನಿಸ. ಪುತ್ತೂರಿನವಳು, ಆ ಮಹಡಿಯ ಎಲ್ಲ ಕೋಳಿಗಳ ಮೇಲೂ ತನ್ನ ಅಧಿಕಾರವಿದೆ ಎಂದು ನಂಬಿದವಳು. "ಕ್ಯಾಮಿಲಣ್ಣ, ಹುಷಾರಿದ್ದೀರಲ್ಲ? ಅಗಾತಕ್ಕನಿಗೆ ಫೋನ್ ಮಾಡ್ಲಾ?"

"ಬೇಡ ಮಾರಾಯ್ತಿ! ಅವಳಿಗೆ ಎಂತ ಹೇಳ್ಬೇಡ!"

ಹೊಗೆ ಇಳಿದ ಮೇಲೆ ಕ್ಯಾಮಿಲಸ್ ಮತ್ತೆ ಒಲೆಯ ಮುಂದೆ ನಿಂತ. ಆಗಲೇ ಬಾಗಿಲಿನ ಗಂಟೆ ಬಡಿಯಿತು. ಲೀಲಮ್ಮ ಅಪ್ಪಟ ಸಸ್ಯಾಹಾರಿ. ಹೊಸ್ತಿಲು ದಾಟದೆ, ಮೂಗಿಗೆ ಸೆರಗು ಹಿಡಿದು, ಹುಣಸೇಹಣ್ಣಿನ ಉಂಡೆ ಮತ್ತು ಬೆಲ್ಲದ ಅಚ್ಚು ನೀಡಿ ಹೋದರು. ಮತ್ತೆ ಗಂಟೆ. ಮೆಹರುನ್ನಿಸ ಒಂದು ತೆಂಗಿನಕಾಯಿ ತಂದಿದ್ದಳು. "ಕಾಯಿ ಹಾಕದೆ ಕೋಳಿ ಮಾಡುವವರು ಮನುಷ್ಯರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊಟ್ಟು ಹೋದಳು. ಕ್ಯಾಮಿಲಸ್ ಎಲ್ಲವನ್ನೂ ಫ್ರಿಜ್ಜಿನ ತಲೆಯ ಮೇಲಿಟ್ಟು ಬಾಗಿಲಿಗೆ ಚಿಲಕ ಹಾಕಿದ. ಇವತ್ತು ಪೊಬ್ಲಾನೊ ಆಗದೆ ಗ್ಯಾಸ್ ಆರಿಸುವವನಲ್ಲ ಎಂದು ನಿರ್ಧರಿಸಿದ.

ನೆಲಗಡಲೆ ಮಿಕ್ಸಿಯಲ್ಲಿ ಅಂಟಿಕೊಂಡು ಮಿಕ್ಸಿ ಮುನಿಸಿಕೊಂಡಿತು. ಅದನ್ನು ಸಂತೈಸಿದ. ಮಸಾಲೆಯ ಕೈಯಲ್ಲಿ ಕಣ್ಣುಜ್ಜಿಕೊಂಡು ಬಚ್ಚಲಿಗೆ ಓಡಿದ. ಒಂದೇ ಕಣ್ಣು ತೆರೆದುಕೊಂಡು ವಾಪಸು ಬಂದ. ಬೆಂದ ಕೋಳಿಯನ್ನು ಮಸಾಲೆಗೆ ಹಾಕಿ, ಕಹಿ ಚಾಕಲೇಟಿನ ಅರ್ಧ ಪಟ್ಟಿಯನ್ನು ಮುರಿದು ಹಾಕಿದ. ಪಾತ್ರೆಯೊಳಗಿನದು ನಿಧಾನವಾಗಿ ಕಪ್ಪಾಯಿತು, ದಪ್ಪವಾಯಿತು, ಪಾಲಿಶ್ ಹಾಕಿದ ಶೂಜಿನಂತೆ ಹೊಳೆಯಿತು. ಫೋನಿನ ಅಜ್ಜಿಯ ಪಾತ್ರೆಯಲ್ಲೂ ಹೀಗೇ ಇತ್ತು. ಕ್ಯಾಮಿಲಸನ ತೆರೆದಿದ್ದ ಕಣ್ಣಿನಲ್ಲಿ ನೀರು ಬಂತು. ರುಚಿ ನೋಡಲು ಮಾತ್ರ ಧೈರ್ಯವಾಗಲಿಲ್ಲ.

ಜತೆಗೆ ತಿನ್ನಲು ಮೆಕ್ಸಿಕೊದ ಜೋಳದ ರೊಟ್ಟಿ ಬೇಕಿತ್ತು. ಅದು ಖಾಲಿದಿಯಾ ಬಡಾವಣೆಯ ಒಂದು ದೊಡ್ಡ ಅಂಗಡಿಯಲ್ಲಿ ಸಿಗುತ್ತದೆಂದು ತಿಳಿದುಕೊಂಡಿದ್ದ. "ರೀಮಾ, ನಾನು ಬರುವವರೆಗೆ ಯಾರೂ ಮುಚ್ಚಳ ತೆಗೀಬಾರ್ದು," ಎಂದ.

"ಓಕೆ ಡ್ಯಾಡಿ," ಎಂದಳು ರೀಮಾ, ಟ್ಯಾಬಿನಿಂದ ತಲೆ ಎತ್ತದೆ.

ಅವನು ಟ್ಯಾಕ್ಸಿ ಹತ್ತಿದ ಸ್ವಲ್ಪ ಹೊತ್ತಿಗೆ ಅಗಾತಾ ಡ್ಯೂಟಿ ಮುಗಿಸಿ ಬಂದಳು. ಮನೆಯೆಲ್ಲ ಸುಟ್ಟ ಮೆಣಸಿನ ವಾಸನೆ. ಗಾಬರಿಯಿಂದ ಅಡುಗೆಮನೆಗೆ ನುಗ್ಗಿ ಮುಚ್ಚಳ ತೆಗೆದರೆ ಕೋಳಿ ಕರ್ರಗೆ ಕುಳಿತಿದೆ.

"ಮೆಹರೂ!" ಎಂದು ಕೂಗಿದಳು. "ಸ್ವಲ್ಪ ಬಾ ಇಲ್ಲಿ! ಇವರು ಸಾರು ತಳ ಹಿಡಿಸಿ ಎಲ್ಲಿಗೋ ಓಡಿಹೋಗಿದ್ದಾರೆ!"

ಕ್ಯಾಮಿಲಸ್ ರೊಟ್ಟಿಯ ಪೊಟ್ಟಣ ಹಿಡಿದು ಗೆದ್ದವನ ನಡಿಗೆಯಲ್ಲಿ ಬಾಗಿಲು ತೆರೆದಾಗ ಅಡುಗೆಮನೆಯಿಂದ ಬಂದ ಪರಿಮಳ ಬಹಳ ಪರಿಚಿತವಾಗಿತ್ತು. ಪರಿಚಿತವಾಗಿದ್ದರಿಂದಲೇ ಅವನ ಎದೆ ಒಡೆಯಿತು. ಪಾತ್ರೆಯಲ್ಲಿ ಕೆಂಪಗೆ, ತೆಳ್ಳಗೆ, ತೆಂಗಿನ ಹಾಲಿನ ಕೋಳಿ ಸಾರು ಕುದಿಯುತ್ತಿತ್ತು. ಮೆಹರುನ್ನಿಸ ಸೌಟು ಆಡಿಸುತ್ತಿದ್ದಳು. ಅಗಾತಾ ಊರಿನಿಂದ ಅಮ್ಮ ಕಳಿಸಿದ ಬಾಫಾತ್ ಮಸಾಲೆ ಪುಡಿಯ ಬಾಟಲಿಯ ಮುಚ್ಚಳ ಹಾಕುತ್ತಿದ್ದಳು.

"ಪೊಬ್ಲಾನೊ ಎಲ್ಲಿ?" ಎಂದು ಅವನು ಪಾತ್ರೆಯೊಳಗೆ ಬಗ್ಗಿ ನೋಡಿದ.

"ನೀವು ಸುಟ್ಟು ಹಾಕಿದ್ದಾ? ಸಿಂಕಿಗೆ ಚೆಲ್ಲಿದೆವು," ಎಂದಳು ಅಗಾತಾ. "ಕೋಳಿ ತುಂಡನ್ನೆಲ್ಲ ನಳ್ಳಿ ನೀರಲ್ಲಿ ಮೂರು ಸಲ ತೊಳೆದೆವು. ಎಂತದೋ ಕರಿ ಅಂಟು, ಹೋಗ್ಲಿಕ್ಕೇ ಕೇಳ್ಲಿಲ್ಲ."

"ಅದು ಕರಿಯೇ ಇರ್ಬೇಕಿತ್ತು! ಮೆಕ್ಸಿಕೊದಲ್ಲಿ ಅದಕ್ಕೆ ಜನ ಸಾಯ್ತಾರೆ!"

"ಹೌದಾ? ತಿಂದಾ?" ಎಂದಳು ಮೆಹರುನ್ನಿಸ. "ಸುಮ್ಮನಿರಿ ಕ್ಯಾಮಿಲಣ್ಣ. ಲೀಲಮ್ಮನ ಹುಣಸೆ, ಬೆಲ್ಲ ಕೂಡ ಸ್ವಲ್ಪ ಹಾಕಿದ್ದೇನೆ, ಪಾಪ, ಅವರಿಗೆ ಬೇಜಾರಾಗ್ಬಾರ್ದಲ್ಲ."

ಕ್ಯಾಮಿಲಸ್ ಅಲ್ಲೇ ಸ್ಟೂಲಿನ ಮೇಲೆ ಕುಸಿದ. ಅಗಾತಾಳಿಗೆ ರುವೈಸ್ ವಿಷಯವನ್ನೇ ಅವನು ಹೇಳಿರಲಿಲ್ಲ. ಈಗ ಎಲ್ಲ ಹೇಳಿದ. ಅಗಾತಾಳ ಮುಖ ಸಣ್ಣದಾಯಿತು. "ಒಂದು ಮಾತು ಮೊದಲೇ ಹೇಳ್ಲಿಕ್ಕಾಗ್ಲಿಲ್ವಾ?" ಎಂದಳು. "ಮತ್ತೆ ಒಬ್ರೇ ಹೋಗ್ತೀರಾ?"

"ಇಲ್ಲ," ಎಂದು ಕ್ಯಾಮಿಲಸ್ ಎದ್ದ. ಇನ್ನೊಂದು ಕೋಳಿ ಬೇಯಿಸಲು ಹೊತ್ತಿರಲಿಲ್ಲ. ಉಳಿದಿದ್ದ ಅರ್ಧ ಪಟ್ಟಿ ಚಾಕಲೇಟನ್ನು ತುರಿಯುವ ಮಣೆಯ ಮೇಲೆ ಹಲ್ಲುಕಚ್ಚಿ ತುರಿದು ಸಾರಿನ ಮೇಲೆ ಉದುರಿಸಿದ. ಅಗಾತಾ ಕಣ್ಣು ಮುಚ್ಚಿದಳು. ಮೆಹರುನ್ನಿಸ "ಯಾ ಅಲ್ಲಾ" ಎಂದು ಮನೆಗೆ ಹೋದಳು.

ಕಾರ್ನಿಶ್‌ನಲ್ಲಿ ತಂಪು ಗಾಳಿ ಬೀಸುತ್ತಿತ್ತು. ಹುಲ್ಲಿನ ಮೇಲೆ ಚಾಪೆ ಹಾಸಿ ಎಲ್ಲರೂ ಸಂಸಾರ ಸಮೇತ ಸೇರಿದ್ದರು. ಲಾಯ್ಡ್ ಅಂಗಡಿಯಿಂದ ದೊಡ್ಡ ತಟ್ಟೆಯಲ್ಲಿ ಅರಬ್ಬಿ ಸಿಹಿತಿಂಡಿ ಕುನಾಫ ತಂದು, ಮೇಡಮ್ಮಿನ ಎದುರಿಗೇ ಇಟ್ಟು, ಪಕ್ಕದಲ್ಲೇ ಕಾವಲು ಕುಳಿತಿದ್ದ. ಕ್ಯಾಮಿಲಸ್ ಪಾತ್ರೆಯ ಮುಚ್ಚಳ ತೆಗೆದ.

"ಮೇಡಂ... ಪೊಬ್ಲಾನೊ."

ಲೂಪೆ ಮೇಡಂ ಪಾತ್ರೆಯನ್ನು ನೋಡಿದರು. ಕ್ಯಾಮಿಲಸನನ್ನು ನೋಡಿದರು. ರೊಟ್ಟಿ ಅದ್ದಿ ಒಂದು ತುತ್ತು ಬಾಯಿಗಿಟ್ಟರು. ಅವರ ಕಣ್ಣಲ್ಲಿ ನೀರು ಬಂತು. ಇನ್ನೊಂದು ತುತ್ತು ತಿಂದರು. ಆಮೇಲೆ ಎರಡು ತುಂಡು ಮುಗಿಸಿ, ಬೆರಳು ನೆಕ್ಕಿಕೊಂಡರು.

"ಕ್ಯಾಮಿಲಸ್, ನಿಜ ಹೇಳಿ. ಇದು ಪೊಬ್ಲಾನೊನಾ?"

ಸುಳ್ಳು ಹೇಳಲು ಅವನಲ್ಲಿ ಬಲ ಉಳಿದಿರಲಿಲ್ಲ. "ಅಲ್ಲ ಮೇಡಂ. ಪೊಬ್ಲಾನೊ ಸಿಂಕಿಗೆ ಹೋಯಿತು. ಇದು ನನ್ನ ಹೆಂಡತಿ ಮತ್ತು ಪಕ್ಕದ ಮನೆಯವರು ಮಾಡಿದ ನಮ್ಮೂರಿನ ಸಾರು."

"ದೇವರು ದೊಡ್ಡವನು!" ಎಂದರು ಮೇಡಂ. "ಪೊಬ್ಲಾನೊ ಪ್ವೆಬ್ಲಾ ಊರಿನವರ ಅಡುಗೆ. ನಾನು ಉತ್ತರದವಳು, ನಮ್ಮದು ಕೆಂಡದಲ್ಲಿ ಸುಟ್ಟ ಮಾಂಸ. ಮದುವೆಯಾದ ಮೇಲೆ ಪ್ವೆಬ್ಲಾದ ಅತ್ತೆ ಇಪ್ಪತ್ತು ವರ್ಷ ಅದನ್ನೇ ತಿನ್ನಿಸಿದರು. ದೋಹಾಕ್ಕೆ ಹೋದೆ, ಅಲ್ಲೂ ಯಾರೋ ಪ್ರೀತಿಯಿಂದ ಮಾಡಿ ತಂದರು. ಕುವೈತಿಗೆ ಹೋದೆ, ಅಲ್ಲೂ. ನೀವು ಹೆಸರು ಹೇಳಿದ ದಿನದಿಂದ ನನಗೆ ಸರಿಯಾಗಿ ಊಟವೇ ಸೇರಿಲ್ಲ." ಇನ್ನೊಂದು ತುಂಡು ಬಡಿಸಿಕೊಂಡರು. "ಇದು ಅದ್ಭುತ. ಮೇಲೆ ಸ್ವಲ್ಪ ಚಾಕಲೇಟು ಬಿದ್ದಿದೆ, ಮುಂದಿನ ಸಲ ಜಾಗ್ರತೆ."

ಅಗಾತಾ ಗಂಡನ ಕೈ ಹಿಡಿದು ಹಿಸುಕಿದಳು. ಕ್ಯಾಮಿಲಸನಿಗೆ ಸಮುದ್ರ, ಆಕಾಶ, ಲಾಯ್ಡನ ಕುನಾಫ ಎಲ್ಲವೂ ಚೆಂದವಾಗಿ ಕಂಡವು. ಲಾಯ್ಡನ ಮುಖ ಮಾತ್ರ ಬಾಡಿತ್ತು.

ಮೇಡಂ ಕೈ ಒರೆಸಿಕೊಂಡು ಎದ್ದು ನಿಂತರು. "ಎಲ್ಲರಿಗೂ ಒಂದು ವಿಷಯ ಹೇಳಬೇಕು. ಮುಂದಿನ ತಿಂಗಳಿಂದ ರುವೈಸ್ ಘಟಕಕ್ಕೆ ನಾನೇ ಮುಖ್ಯಸ್ಥೆ. ಜತೆಗೆ ಲಾಯ್ಡನನ್ನು ಕರೆದೊಯ್ಯುವುದು ಅಂತ ಇತ್ತು. ಈಗ ಮನಸ್ಸು ಬದಲಾಯಿಸಿದ್ದೇನೆ. ಕ್ಯಾಮಿಲಸ್, ನೀವು ಬರುತ್ತೀರಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಲಾಯ್ಡ್.

"ಮೇಡಂ," ಕ್ಯಾಮಿಲಸ್ ತೊದಲಿದ, "ನನ್ನ ಹೆಂಡತಿ ಕೆಲಸ ಇಲ್ಲಿ, ಮಗಳ ಶಾಲೆ..."

"ಅದೇ ಒಳ್ಳೆಯದಾಯಿತು! ವಾರ ವಾರ ನನ್ನ ಕಾರಿನಲ್ಲೇ ಬಂದು ಹೋಗಿ. ಬರುವಾಗ ಅವರು ಇಂಥದೇ ಒಂದು ಪಾತ್ರೆ ಕಟ್ಟಿ ಕೊಡಲಿ."

"ಲಾಯ್ಡನ ಹೆಂಡತಿ ಕ್ಯಾರೊಲಿನ್ ಇನ್ನೂ ಚೆನ್ನಾಗಿ ಮಾಡ್ತಾರೆ ಮೇಡಂ! ಚರ್ಚಿನ ಹಬ್ಬಕ್ಕೆಲ್ಲ ಅವರದ್ದೇ ಅಡುಗೆ!" ಎಂದ ಕ್ಯಾಮಿಲಸ್.

"ನಾನಾ?" ಕ್ಯಾರೊಲಿನ್ ಎರಡೂ ಕೈ ಎದೆಗಿಟ್ಟುಕೊಂಡಳು. "ನನಗೆ ನೀರು ಕಾಯಿಸ್ಲಿಕ್ಕೂ ಬರುದಿಲ್ಲ."

"ಅವಳು ನೀರು ಕಾಯಿಸಿದ್ರೂ ತಳ ಹಿಡೀತದೆ ಮೇಡಂ," ಎಂದ ಲಾಯ್ಡ್.

ಅಗಾತಾಳ ಮುಖದ ನಗು ಹಾಗೆಯೇ ನಿಂತುಬಿಟ್ಟಿತ್ತು. ಅವಳು ಕ್ಯಾಮಿಲಸನ ಕೈ ಬಿಟ್ಟಿರಲಿಲ್ಲ. ರೀಮಾ ಬಂದು ಅಪ್ಪನ ಇನ್ನೊಂದು ಕೈ ಹಿಡಿದುಕೊಂಡಳು. ಈ ಸಲ ಅವಳಿಗೆ ನಾಚಿಕೆಯಾಗಲಿಲ್ಲ.

ಲಾಯ್ಡ್ ಸಾರನ್ನು ತಟ್ಟೆ ತುಂಬ ಬಡಿಸಿಕೊಂಡು ಬಂದು ಪಕ್ಕದಲ್ಲಿ ಕುಳಿತ. "ಕ್ಯಾಮಿಲಸ್, ನಿಜ ಹೇಳ್ತೇನೆ, ಇಷ್ಟು ರುಚಿಯ ಕೋಳಿ ನಾನು ಹುಟ್ಟಿದ ಮೇಲೆ ತಿಂದಿಲ್ಲ. ನೀನು ತಿಂದಿಯಾ?"

ಬೆಳಿಗ್ಗೆಯಿಂದ ಒಲೆಯ ಮುಂದೆ ಬೆಂದ ಕ್ಯಾಮಿಲಸ್ ಅದರ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿರಲಿಲ್ಲ. ಕೆಟ್ಟದಾಗಿದ್ದರೆ ಮೇಡಮ್ಮಿಗೆ ತೋರಿಸಿ ವಾದಿಸಬಹುದೆಂಬ ಕೊನೆಯ ಆಸೆಯಿಂದ ಲಾಯ್ಡನ ತಟ್ಟೆಯಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದ.

ಹಾಳಾದ್ದು, ಬಹಳ ಚೆನ್ನಾಗಿತ್ತು.