ನೂರ ಹದಿನಾರು ಬೋಳು ತಟ್ಟೆಗಳು

ಸಿನಿಮಾದ ಹಿನ್ನೆಲೆ ಸಂಗೀತವನ್ನು ಅರೆದು ಕುಡಿದವನು ಈ ಊರಿನಲ್ಲಿ ಒಬ್ಬನೇ ಇದ್ದಾನೆ. ಅವನು ಯಾರೆಂದು ಹೇಳಲು ವಿನಯ ಅಡ್ಡಬರುತ್ತದೆ. ಆದರೂ ಹೇಳುತ್ತೇನೆ: ನಾನೇ!

ಹಾಡುಗಳನ್ನು ಯಾರು ಬೇಕಾದರೂ ಕೂಡಿಹಾಕುತ್ತಾರೆ. ನಾಯಕಿ ಕಾಗದ ಓದಿ ಕುಸಿದು ಕೂರುವಾಗ, ಕಳ್ಳ ಗೋಡೆ ಹಾರುವಾಗ ಮಾತಿಲ್ಲದೆ ನುಡಿಯುತ್ತದಲ್ಲ, ಆ ಸಂಗೀತದ ರೆಕಾರ್ಡಿಗೆ ಮಾತ್ರ ನನ್ನ ಮನೆಯಲ್ಲಿ ಪ್ರವೇಶ. ಮೂವತ್ತು ವರ್ಷದ ಬೇಟೆಯಲ್ಲಿ ನೂರ ಹದಿನಾರು ಕಪ್ಪು ತಟ್ಟೆಗಳು ಸೆರೆಸಿಕ್ಕಿವೆ. ಕಚೇರಿಯಲ್ಲಿ ನಾನು ಕಡತ ವಿಭಾಗದ ಮುಖ್ಯಸ್ಥ. ಆ ಚಾಳಿ ಮನೆಗೂ ಬಂದಿದೆ. ಸಿನಿಮಾದ ವರ್ಷ, ತಟ್ಟೆಯ ರಟ್ಟಿನ ಹೊದಿಕೆಯ ಬಣ್ಣ, ವಾದ್ಯಗಾರರ ಸಂಖ್ಯೆ, ಎಲ್ಲವೂ ದಪ್ಪ ಪುಸ್ತಕವೊಂದರಲ್ಲಿ ದಾಖಲು. ಭಾನುವಾರ ಊಟ ಮುಗಿಸಿ ಒಂದು ತಟ್ಟೆ ಹಾಕಿ, ಆರಾಮ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ ಋಷಿಯಂತೆ ಆಲಿಸುತ್ತೇನೆ. ಆ ತಟ್ಟೆಯ ಹೊದಿಕೆ ಎದೆಯ ಮೇಲಿರುತ್ತದೆ.

ನಮ್ಮ ಹಿಂದಿನ ಬೀದಿಯಲ್ಲಿ ಪಿಟೀಲು ಮೇಷ್ಟ್ರು ಇದ್ದಾರೆ. ಎಪ್ಪತ್ತೆಂಟು ವರ್ಷ. ಪ್ರಾಯದಲ್ಲಿ ಸಿನಿಮಾ ವಾದ್ಯವೃಂದಗಳ ಹಿಂದಿನ ಸಾಲಿನಲ್ಲಿ ಕೂತು ನುಡಿಸಿದವರು. ಈಗ ಕೈ ನಡುಗುತ್ತದೆ. ಪಿಟೀಲು ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಅವರೊಬ್ಬರೇ ನುಡಿಸಿದ್ದು ಇಡೀ ಬದುಕಿನಲ್ಲಿ ಒಂದೇ ಸಲ, ಒಂದೇ ನಿಮಿಷ. ಆ ರೆಕಾರ್ಡಿನ ಅವರ ಪ್ರತಿ ಮನೆ ಬದಲಾಯಿಸುವಾಗ ಎರಡು ಹೋಳಾಗಿತ್ತು. ಇನ್ನೊಂದು ಪ್ರತಿ ಎಲ್ಲಿದೆ? ಮತ್ತೆಲ್ಲಿ, ನನ್ನ ಕಪಾಟಿನಲ್ಲಿ!

"ನಿಜವಾಗ್ಲೂ ಇದೆಯಾ?" ಎಂದು ಮೇಷ್ಟ್ರು ನನ್ನ ಎರಡೂ ಕೈ ಹಿಡಿದುಕೊಂಡರು. "ಒಂದು ಸಲ ಕೇಳ್ಬೇಕಲ್ಲ. ಹೋಗೋದ್ರೊಳಗೆ."

"ಭಾನುವಾರ ನಾಲ್ಕು ಗಂಟೆಗೆ ಬನ್ನಿ ಮೇಷ್ಟ್ರೇ. ಕತ್ತಲಲ್ಲಿ ಬೇಕಾದ್ರೂ ಹುಡುಕಿ ಕೊಡ್ತೀನಿ. ನನಗೆ ಮೂರೇ ಸ್ವರ ಸಾಕು. ತಪ್ಪಿದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ!"

ಪಕ್ಕದಲ್ಲಿದ್ದ ನನ್ನ ಹೆಂಡತಿ ಮೀಸೆಯನ್ನೊಮ್ಮೆ ನೋಡಿದಳು.

ಅಂಥ ಹಿರಿಯರ ಮುಂದೆ ತಟ್ಟೆ ಕರಕರ ಅಂದರೆ ನನ್ನ ಮಾನ ಏನಾಗಬೇಕು? ಶುಕ್ರವಾರ ರಜೆ ಹಾಕಿದೆ. ಒಂದನ್ನೇ ತೊಳೆಯುವುದು ಸಾಮಾನ್ಯರ ಕೆಲಸ. ನಾನು ನೂರ ಹದಿನಾರನ್ನೂ ತೊಳೆಯುವ ಶಪಥ ಮಾಡಿದೆ!

"ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಲ್ದೇನ್ರೀ?" ಎಂದಳು ಹೆಂಡತಿ.

"ಒರೆಸೋದು ಊಟದ ಮೇಜನ್ನ ಕಣೇ. ಇವಕ್ಕೆ ಮಹಾಸ್ನಾನ ಆಗ್ಬೇಕು."

"ಆಗ್ಲಿ. ಟಬ್ಬು ಮಾತ್ರ ಮಧ್ಯಾಹ್ನ ನನಗೆ ಬೇಕು."

ಕಂಬಳಿ ನೆನೆಸುವ ಎರಡು ದೊಡ್ಡ ಟಬ್ಬು, ಬೆಚ್ಚಗಿನ ನೀರು, ಎರಡು ಹಿಡಿ ಬಟ್ಟೆ ಸೋಡಾ. ತಟ್ಟೆಗಳನ್ನೆಲ್ಲ ಒಂದರ ಪಕ್ಕ ಒಂದು ಇಳಿಬಿಟ್ಟೆ. ಹತ್ತು ನಿಮಿಷ ನೆನೆದರೆ ಸಾಕು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮೇಷ್ಟ್ರು!

"ತೊಂದರೆ ಕೊಟ್ನಾ? ಸುಮ್ನೆ ಗುರುತು ಹೇಳೋಣ ಅಂತ. ತಾಯಿ ಒಬ್ಬಳು ಖಾಲಿ ಮನೆ ಗುಡಿಸ್ತಾಳೆ, ಆ ಸೀನು. ಕೊನೆ ಸ್ವರಕ್ಕೆ ಮುಂಚೆ ಚೂರು ತಡವರಿಸುತ್ತೆ. ನನ್ನ ಕಮಾನು ಜಾರಿತ್ತು. ಸಂಗೀತ ನಿರ್ದೇಶಕರು, 'ಇರಲಿ, ಚೆನ್ನಾಗಿದೆ' ಅಂದ್ಬಿಟ್ರು. ನನ್ನ ಹೆಸರು ಎಲ್ಲೂ ಹಾಕಿಲ್ಲ ನೋಡಿ. ಆ ತಡವರಿಕೇನೇ ನನ್ನ ರುಜು."

"ನನಗೆ ಗೊತ್ತಿಲ್ವಾ ಮೇಷ್ಟ್ರೇ!" ಎಂದೆ. ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಲು ಗೊತ್ತಿದ್ದದ್ದನ್ನೆಲ್ಲ ಹೇಳತೊಡಗಿದೆ. ಆ ಸಿನಿಮಾದ ವರ್ಷ, ಹೊದಿಕೆಯ ಮೇಲಿನ ಖಾಲಿ ಕುರ್ಚಿಯ ಚಿತ್ರ, ಅದರ ಹಸಿರು ಅಂಚು... ಮೇಷ್ಟ್ರು ಪಾಪ, ಸಭ್ಯರು, ಫೋನು ಇಡಲಿಲ್ಲ. ನಾನು ಇಡುವಾಗ ಎರಡು ಗಂಟೆ ಕಳೆದಿತ್ತು!

ಬಚ್ಚಲಿಗೆ ಓಡಿದೆ. ಟಬ್ಬುಗಳ ಮೇಲೆ ಕೆಂಪು, ನೀಲಿ, ಹಳದಿ ಗಂಜಿ ತೇಲುತ್ತಿತ್ತು. ಇಷ್ಟು ಚೆಂದದ ಬಣ್ಣ ಎಲ್ಲಿಂದ ಬಂತು ಎಂದು ಒಂದು ಕ್ಷಣ ಮೆಚ್ಚಿದೆ. ಆಮೇಲೆ ಒಂದು ತಟ್ಟೆ ಎತ್ತಿದೆ. ನಡುವಿನ ಲೇಬಲ್ಲು ಮಾಯ. ಇನ್ನೊಂದು ಎತ್ತಿದೆ. ಬೋಳು. ಮತ್ತೊಂದು. ನುಣ್ಣಗೆ ಬೋಳು! ಸಿನಿಮಾದ ಹೆಸರಿಲ್ಲ, ಯಾವುದು ಮೊದಲನೇ ಬದಿ ಎಂಬುದೂ ಇಲ್ಲ. ನೂರ ಹದಿನಾರು ಅನಾಥರು ನನ್ನ ಮುಂದೆ ಮಿರಮಿರ ಮಿಂಚುತ್ತ ಕೂತಿದ್ದರು.

"ಚೊಕ್ಕ ಆಗಿವೆ," ಎಂದಳು ಹಿಂದೆ ಬಂದು ನಿಂತ ಹೆಂಡತಿ. "ಹೆಸರು ಕೂಡ ಬಿಟ್ಟಿಲ್ಲ."

ತಟ್ಟೆಯ ಒಳ ಅಂಚಿನಲ್ಲಿ ಕಾರ್ಖಾನೆಯವರು ಗೀರಿದ ಸಣ್ಣ ಸಂಖ್ಯೆಯೇನೋ ಇತ್ತು. ನನ್ನ ಪುಸ್ತಕದಲ್ಲಿ ಹೊದಿಕೆಯ ಬಣ್ಣ ಇತ್ತು, ಆ ಸಂಖ್ಯೆ ಮಾತ್ರ ಇರಲಿಲ್ಲ. ಹಾಡುಗಳಾಗಿದ್ದರೆ ಸಾಹಿತ್ಯ ಕೇಳಿ ಗುರುತು ಹಿಡಿಯಬಹುದಿತ್ತು. ಹಾಡೆಂದರೆ ಮೂಗು ಮುರಿದವನು ನಾನೇ ಅಲ್ಲವೇ? ಇನ್ನು ಉಳಿದದ್ದು ಒಂದೇ ಅಸ್ತ್ರ. ನನ್ನ ಕಿವಿ!

ಒರೆಸಿ ಒಣಗಿಸಿದ ಮೊದಲ ತಟ್ಟೆಯ ಮೇಲೆ ಪ್ಲೇಯರಿನ ಮುಳ್ಳು ಇಟ್ಟೆ. ಮೂರು ಸ್ವರ ಬಂತು. ಮೂವತ್ತು ಬಂತು. "ಇದು ನಾಯಕನ ತಾಯಿ ಸಾಯೋ ದೃಶ್ಯ," ಎಂದು ಘೋಷಿಸಿದೆ. ಮರುಕ್ಷಣವೇ ಕಹಳೆ, ಡೋಲು, ಯಾರೋ ಬಾಳೆಹಣ್ಣಿನ ಸಿಪ್ಪೆ ತುಳಿದು ಜಾರಿಬಿದ್ದಂತೆ ಒಂದು ಸೀಟಿ.

"ಪಾಪ, ಸಾಯುವಾಗ ಜಾರಿಬಿದ್ರೇನೋ," ಎಂಬ ಧ್ವನಿ ಅಡುಗೆಮನೆಯಿಂದ ಬಂತು.

ಎರಡನೆಯದು ಯುದ್ಧ ಎಂದುಕೊಂಡೆ. ತೊಟ್ಟಿಲು ತೂಗುವ ಸಂಗೀತವಾಯಿತು. ಒಂಬತ್ತನೇ ತಟ್ಟೆಯ ಹೊತ್ತಿಗೆ ನನಗೆ ಸತ್ಯ ಹೊಳೆಯಿತು. ಇಷ್ಟು ವರ್ಷ ನಾನು ಎದೆಯ ಮೇಲಿನ ಹೊದಿಕೆ ನೋಡಿಕೊಂಡು ಸಂಗೀತವನ್ನು ಗುರುತಿಸುತ್ತಿದ್ದೆ! ಹತ್ತನೆಯದನ್ನು ಹಾಕಿ ತಲೆ ಹಿಡಿದು ಕೂತೆ.

"ಅದು ಹಾಲು ಉಕ್ಕಿದ್ದು ಕಣ್ರೀ," ಎಂದಳು ಹೆಂಡತಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು.

"ಏನು?"

"ಅವತ್ತು ಇದನ್ನ ಹಾಕ್ಕೊಂಡು, 'ದೀಪಸ್ತಂಭದ ಸೀನು ಬಂತು, ಬಾ, ಬಾ' ಅಂತ ಕರೆದ್ರಿ. ಬಂದು ನಿಂತೆ, ಒಳಗೆ ಹಾಲು ಉಕ್ಕಿಹೋಯ್ತು. ನೀಲಿ ಕವರಲ್ಲಿ ದೀಪಸ್ತಂಭ ಇರೋದು ಯಾವುದಿದೆ, ಅದರೊಳಗೆ ಹಾಕಿ."

ನಾನು ಆ ಹೊದಿಕೆ ಹುಡುಕಿ ತಟ್ಟೆಯನ್ನು ಒಳಗೆ ತೂರಿಸಿದೆ. ಅವಳು ಮುಂದಿನದನ್ನು ಹಾಕಿದಳು. "ಇದು ನನ್ನ ತಮ್ಮ ಬಂದಾಗಲೆಲ್ಲ ನೀವು ಬೇಕಂತಲೇ ಹಾಕೋದು, ಅವನು ಬೇಗ ಎದ್ದು ಹೋಗ್ಲಿ ಅಂತ. ಕಾಡಿನ ಚಿತ್ರ ಇರೋ ಕವರು." ಇನ್ನೊಂದು. "ಇದು ನಿಮಗೆ ಬಡ್ತಿ ತಪ್ಪಿದ ವಾರ. ಏಳು ದಿನ ಇದೇ. ಸೈನಿಕರು." ನನ್ನ ಬಾಳಿನ ಚರಿತ್ರೆಯೆಲ್ಲ ಅವಳ ಕಿವಿಯಲ್ಲಿತ್ತು! ನಾನು ಗುಮಾಸ್ತನಂತೆ ಹೊದಿಕೆ ಹುಡುಕುತ್ತ ಓಡಾಡಿದೆ.

"ಲೇ, ಇದೆಲ್ಲ ಯಾವಾಗ ಕೇಳಿದ್ದೆ ನೀನು?"

"ಮನೇಲಿ ಎರಡೇ ಕೋಣೆ. ಕೇಳದೆ ಎಲ್ಲಿಗೆ ಹೋಗ್ಲಿ? ನಿಮಗಿಂತ ಜಾಸ್ತಿನೇ ಕೇಳಿದೀನಿ. ನೀವು ಎರಡನೇ ಬದಿ ಕೇಳಿದ್ದೇ ಇಲ್ವಲ್ಲ."

"ಯಾರು ಹೇಳಿದ್ದು?"

"ಮೊದಲನೇ ಬದಿ ಅರ್ಧ ಆಗೋ ಹೊತ್ತಿಗೆ ಗೊರಕೆ. ಮುಳ್ಳು ಎತ್ತಿದ್ರೆ ಎಚ್ಚರ ಆಗಿ ಬೈತೀರಿ. ಅದಕ್ಕೇ ತಟ್ಟೆ ತಿರುಗಿಸಿ ಹಾಕಿ ನಾನು ಕೆಲಸ ನೋಡ್ಕೋತಿದ್ದೆ."

"ಅದು ಗೊರಕೆ ಅಲ್ಲ, ತನ್ಮಯತೆ!"

"ತನ್ಮಯತೆಗೆ ಪಕ್ಕದ ಮನೆಯವರು ಗೋಡೆ ಬಡಿಯಲ್ಲ."

ಶನಿವಾರ ಸಂಜೆಯ ಹೊತ್ತಿಗೆ ನೂರ ಹದಿನೈದು ಅನಾಥರು ಮನೆ ಸೇರಿದರು. ಉಳಿದದ್ದು ಒಂದು ತಟ್ಟೆ, ಖಾಲಿ ಕುರ್ಚಿಯ ಒಂದು ಹೊದಿಕೆ. ಲೆಕ್ಕದ ಪ್ರಕಾರ ಅದೇ ಇರಬೇಕು. ಆದರೆ ನಡುವೆ ಎಲ್ಲೋ ಒಂದು ಅದಲುಬದಲಾಗಿದ್ದರೆ? ನಾಳೆ ಮೇಷ್ಟ್ರು ಹಿಂದಿನ ಬೀದಿಯಿಂದ ನಡೆದುಕೊಂಡು ಬಂದು ಯಾವುದೋ ಕಳ್ಳ ಗೋಡೆ ಹಾರುವುದನ್ನು ಕೇಳಿ ಹೋಗಬೇಕೇ? ಅವಳು ಮುಳ್ಳು ಇಟ್ಟಳು. ಪಿಟೀಲೊಂದೇ ನುಡಿಯಿತು. ಕೊನೆಯಲ್ಲಿ, ಉಸಿರು ಸಿಕ್ಕಿಕೊಂಡಂತೆ, ಸ್ವರ ಒಂದು ಕ್ಷಣ ತಡವರಿಸಿ ಮುಂದೆ ಹೋಯಿತು.

"ಇದು ಬಂದಾಗ ಮಾತ್ರ ನಾನು ಕೆಲಸ ನಿಲ್ಲಿಸ್ತಿದ್ದೆ," ಎಂದಳು. "ಪೊರಕೆ ಹಿಡ್ಕೊಂಡು ಹಾಗೇ ನಿಂತುಬಿಡ್ತಿದ್ದೆ. ಎರಡನೇ ಬದಿ, ಕೊನೇದು."

ಭಾನುವಾರ ನಾಲ್ಕಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ನಾಲ್ಕು ಕೂದಲು. ನಾನು ಗಂಟಲು ಸರಿಮಾಡಿಕೊಂಡು, "ಮೂರೇ ಸ್ವರ ಮೇಷ್ಟ್ರೇ, ಟಕ್ ಅಂತ..." ಎನ್ನುವಷ್ಟರಲ್ಲಿ ಹೆಂಡತಿ ನಡೆದದ್ದನ್ನೆಲ್ಲ ಹೇಳಿ ಮುಗಿಸಿದ್ದಳು. ಸೋಡಾ, ಗಂಜಿ, ಬಾಳೆಹಣ್ಣಿನ ಸಿಪ್ಪೆ, ಏನನ್ನೂ ಬಿಡಲಿಲ್ಲ.

ಮೇಷ್ಟ್ರು ಬೋಳು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟು ವರ್ಷ ನನ್ನ ಹೆಸರು ಮಾತ್ರ ಇರಲಿಲ್ಲ. ಈಗ ಯಾರದ್ದೂ ಇಲ್ಲ. ನ್ಯಾಯ ಸಿಕ್ತು ಬಿಡಿ!" ಎಂದು ಹೊಟ್ಟೆ ಕುಣಿಸಿ ನಕ್ಕರು. "ಇದೊಂದು ನಿಮಿಷ ಸಾಲದು. ಮೊದಲಿನಿಂದ ಹಾಕಮ್ಮ. ಎರಡೂ ಬದಿ ಕೇಳೋಣ."

ಸಂಗೀತ ಶುರುವಾಯಿತು. ಇವತ್ತು ಪ್ರತಿ ಸ್ವರವನ್ನೂ ಹಿಡಿಯುತ್ತೇನೆ, ಈ ಹೆಂಗಸಿಗೆ ತನ್ಮಯತೆ ಎಂದರೇನೆಂದು ತೋರಿಸುತ್ತೇನೆ ಎಂದು ನಿರ್ಧರಿಸಿದೆ. ಏಕಾಗ್ರತೆಗಾಗಿ ಆರಾಮ ಕುರ್ಚಿಗೆ ಒರಗಿದೆ. ಇನ್ನೂ ಹೆಚ್ಚಿನ ಏಕಾಗ್ರತೆಗಾಗಿ ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಕಿಟಕಿಯ ಬಿಸಿಲು ಗೋಡೆಯಿಂದ ಚಾವಣಿಗೆ ಏರಿತ್ತು. ಮೇಷ್ಟ್ರ ಕುರ್ಚಿ ಖಾಲಿ. ಹೊದಿಕೆಯ ಚಿತ್ರದಲ್ಲಿ ಇದ್ದ ಹಾಗೇ. ಎರಡು ಕಾಫಿ ಲೋಟ ತೊಳೆದು ಕವುಚಿಟ್ಟಿದ್ದವು. ಮೂರನೆಯದು, ನನ್ನದು, ನನ್ನ ಪಕ್ಕದಲ್ಲಿ ಆರಿ ಕೂತಿತ್ತು.

"ಮೇಷ್ಟ್ರು?"

"ಹೋಗಿ ಒಂದು ಗಂಟೆ ಆಯ್ತು. ಅವರದ್ದನ್ನ ಮೂರು ಸಲ ಕೇಳಿದ್ರು. ಕುರ್ಚಿ ಕೈ ಮೇಲೆ ಬೆರಳು ಆಡಿಸ್ತಾ ಇದ್ರು, ಒಂಚೂರೂ ನಡುಗ್ತಿರಲಿಲ್ಲ." ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ಹೋಗುವಾಗ ತಟ್ಟೆಗೆ ಲೇಬಲ್ಲು ಬರೆದು ಅಂಟಿಸಿ ಹೋದ್ರು."

ಬೋಳು ತಟ್ಟೆಯ ನಡುವೆ ದುಂಡಗೆ ಕತ್ತರಿಸಿದ ಬಿಳಿ ಕಾಗದ. ನಡುಗುವ ಅಕ್ಷರಗಳಲ್ಲಿ ಮೂರು ಸಾಲು.

ಪಿಟೀಲು: ಮೇಷ್ಟ್ರು.
ಆಲಿಸಿದವರು: ಈ ಮನೆಯ ಯಜಮಾನಿ.
ಗೊರಕೆ: ಯಜಮಾನರು.

ಮೂವತ್ತು ವರ್ಷದ ಸಂಗ್ರಹಕಾರ ನಾನು. ಕೊನೆಗೂ ಒಂದು ರೆಕಾರ್ಡಿನ ಮೇಲೆ ನನಗೂ ಜಾಗ ಸಿಕ್ಕಿತ್ತು! ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತೆ. ಹೆಂಡತಿ ಕನ್ನಡಿಯ ಮುಂದಿದ್ದ ನನ್ನ ಕ್ಷೌರದ ಕತ್ತಿ ತಂದು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಯಾವ ಅರ್ಧ ಅಂತ ನೀವೇ ಯೋಚಿಸಿ. ಆದ್ರೆ ದಯವಿಟ್ಟು, ಮೀಸೆ ತೊಳೆಯೋ ನೀರಿಗೆ ಆ ತಟ್ಟೆ ಹಾಕ್ಬೇಡಿ."