ದೂರದ ಬೆಟ್ಟದ ಸ್ಯಾಂಪಲ್

ಈ ಲೋಕದಲ್ಲಿ ಯಾರೂ ಜಾರಿ ಬೀಳಬಾರದು ಎಂಬುದೇ ನನ್ನ ಗಂಡನ ಜೀವನಧರ್ಮ. ಅವರದು ನೆಲದ ಟೈಲ್ಸ್ ಅಂಗಡಿ. ಗಿರಾಕಿ ಹೊಳೆಯುವ ಟೈಲ್ಸಿನ ಮೇಲೆ ಕಣ್ಣಿಟ್ಟರೆ ಸಾಕು, ಇವರು ಅದರ ಮೇಲೆ ಒಂದು ಲೋಟ ನೀರು ಚೆಲ್ಲಿ, "ಈಗ ನಡೀರಿ ನೋಡೋಣ" ಎನ್ನುತ್ತಾರೆ. ಗಿರಾಕಿ ನಡೆಯುವುದಿಲ್ಲ, ಒರಟು ಟೈಲ್ಸ್ ಕೊಂಡು ಮನೆಗೆ ಹೋಗುತ್ತಾನೆ. ಊರವರು ಇವರಿಗಿಟ್ಟ ಹೆಸರು ಜಾರದಪ್ಪ. ನಮ್ಮ ಮನೆಯ ನೆಲವಂತೂ, ಯಾರೂ ಕೊಳ್ಳದಷ್ಟು ಒರಟಾದ ಟೈಲ್ಸುಗಳ ವಸ್ತುಸಂಗ್ರಹಾಲಯ. ಬರಿಗಾಲಲ್ಲಿ ಹಜಾರದಿಂದ ಅಡುಗೆಮನೆಗೆ ಹೋಗಿಬಂದರೆ ಹಿಮ್ಮಡಿ ಉಜ್ಜಲು ಬೇರೆ ಕಲ್ಲು ಬೇಡ.

ಇಂಥ ನೆಲದ ಮೇಲೂ ನನ್ನ ಅತ್ತೆ ಗೋಡೆ ಹಿಡಿದೇ ನಡೆಯುತ್ತಿದ್ದರು. ಯಾವ ಕಾಲದಲ್ಲೋ ಬಚ್ಚಲಲ್ಲಿ ಜಾರಿದ್ದರಂತೆ. (ಬಿದ್ದಿರಲಿಲ್ಲ, ಜಾರಿದ್ದು ಮಾತ್ರ. ಆದರೆ ಕಥೆ ವರ್ಷ ವರ್ಷ ಬೆಳೆದು ಸೊಂಟ ಮುರಿಯುವ ಹಂತಕ್ಕೆ ಬಂದಿತ್ತು.) ಅವರ ಅಂಗೈ ತಾಗಿ ತಾಗಿ ಗೋಡೆಯ ಮೇಲೆ ಮೂಡಿದ ಮಾಸಲು ಗೆರೆ ಮನೆಯನ್ನೆಲ್ಲ ಸುತ್ತಿ ಬಂದಿತ್ತು, ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಯ ಹಾಗೆ.

ಈ ಮನೆಗೆ ಸೊಸೆಯಾಗಿ ಬಂದ ನನಗಿದ್ದದ್ದು ಒಂದೇ ಆಸೆ: ಒಮ್ಮೆಯಾದರೂ ಕಾಲಿಗೆ ಸ್ಕೀ ಎಂಬ ಉದ್ದ ಹಲಗೆಗಳನ್ನು ಕಟ್ಟಿಕೊಂಡು ದೊಡ್ಡ ಬೆಟ್ಟವೊಂದರ ತುದಿಯಿಂದ ಬುಡದವರೆಗೆ ಹಿಮದ ಮೇಲೆ ಜಾರಿ ಬರಬೇಕು. ನಾನು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಹಿಮನದಿ ಕಣಿವೆಯನ್ನು ಕೊರೆಯುವ ಬಗೆಯನ್ನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಸೀಮೆಸುಣ್ಣದ ಪುಡಿ ಮೆಲ್ಲಗೆ ಉದುರಿ ತೋಳಿನ ಮೇಲೆ ಕೂರುತ್ತದೆ. ನಾನು ಕಂಡ ಹಿಮ ಅಷ್ಟೇ.

ಹಾಗಾಗಿ ಊಟದ ಮೇಜಿನ ಮೇಲೆ ಜಗತ್ತಿನ ಮಹಾಪರ್ವತಗಳ ನಕ್ಷೆಗಳನ್ನು ಹರಡಿ ಸ್ವಯಂವರ ಆರಂಭಿಸಿದೆ. ಒಂದು ಬೆಟ್ಟದ ಹಿಮ ಹಿಟ್ಟಿನಷ್ಟು ಹಗುರ, ಆದರೆ ಎತ್ತರ ಹೆಚ್ಚಾಗಿ ಬಂದವರಿಗೆಲ್ಲ ಮೊದಲು ತಲೆನೋವು. ಇನ್ನೊಂದರಲ್ಲಿ ಜಾರುಹಾದಿಗಳು ಕಣಿವೆಯಿಂದ ಕಣಿವೆಗೆ ಹಬ್ಬಿವೆ. ಕೊನೆಯ ಕೇಬಲ್ ಕಾರ್ ತಪ್ಪಿದರೆ ನಮ್ಮ ಪೆಟ್ಟಿಗೆ ಒಂದು ಹಳ್ಳಿಯಲ್ಲಿ, ನಾವು ಇನ್ನೊಂದರಲ್ಲಿ. ಮೂರನೆಯದರಲ್ಲಿ ನಕ್ಷೆಯ ಗೆರೆಗಳು ಒತ್ತೊತ್ತಾಗಿದ್ದವು. ಗೆರೆಗಳು ಹತ್ತಿರ ಬಂದಷ್ಟೂ ಇಳಿಜಾರು ಕಡಿದು ಎಂದು ಅತ್ತೆಗೂ ಪಾಠ ಮಾಡಿದೆ. ಹಾದಿಗಳಿಗೆ ಬಣ್ಣಗಳೂ ಇವೆ: ಹಸಿರು ಕಲಿಯುವವರಿಗೆ, ನೀಲಿ ಸ್ವಲ್ಪ ಬಲ್ಲವರಿಗೆ, ಕಪ್ಪು ಆಸ್ತಿಪಾಸ್ತಿ ಹಂಚಿ ಮುಗಿಸಿದವರಿಗೆ. ಕೊನೆಗೆ ನಾನು ಮಾಲೆ ಹಾಕಿದ್ದು ಹಸಿರು ಹಾದಿಗಳೇ ಹೆಚ್ಚಾಗಿದ್ದ, ಸೌಮ್ಯ ಸ್ವಭಾವದ ಒಂದು ಬೆಟ್ಟಕ್ಕೆ.

"ನೋಡಿ ಅತ್ತೆ, ಹೋಟೆಲಿನ ಬಾಗಿಲಲ್ಲೇ ಹಿಮ. ಅಲ್ಲೇ ಸ್ಕೀ ಕಟ್ಕೊಂಡು ಹೊರಡಬಹುದು."

"ಗೋಡೆ ಹಿಡ್ಕೊಂಡು ಹೋಗೋ ಹಾಗಿದೆಯೇನಮ್ಮಾ?"

"ಬೆಟ್ಟಕ್ಕೆ ಗೋಡೆ ಇರಲ್ಲ ಅತ್ತೆ."

"ದೂರದ ಬೆಟ್ಟ ನುಣ್ಣಗೆ ಅಂತ ಹಿರಿಯರು ಸುಮ್ನೆ ಹೇಳಿದಾರಾ?"

"ನುಣ್ಣಗಿದ್ದರೆ ತಾನೇ ಜಾರೋಕಾಗೋದು?"

ನನ್ನ ಗಂಡ ಮೊಬೈಲಿನಲ್ಲಿ ಹೋಟೆಲಿನ ಚಿತ್ರವನ್ನು ದೊಡ್ಡದು ಮಾಡಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದರು.

"ಇದು ಪಾಲಿಶ್ ಮಾಡಿದ ಗ್ರಾನೈಟು. ಒದ್ದೆ ಬೂಟಲ್ಲಿ ಒಳಗೆ ಬಂದವನು ಸೀದಾ ಮ್ಯಾನೇಜರ್ ಮಡಿಲಿಗೆ."

"ರೀ, ಬೆಟ್ಟ ನೋಡಿ ಅಂದ್ರೆ ನೆಲ ನೋಡ್ತೀರಲ್ಲ!"

"ಬೆಟ್ಟ ಅಂದ್ರೇನು, ಓರೆಯಾಗಿರೋ ನೆಲ ತಾನೇ? ನೋಡು, ಸ್ಯಾಂಪಲ್ ನೋಡದೆ ನಾನು ಇವತ್ತಿನವರೆಗೂ ಮಾಲು ತಗೊಂಡಿಲ್ಲ. ಮೊದಲು ಸ್ಯಾಂಪಲ್ ತೋರಿಸು."

"ಬೆಟ್ಟದ ಸ್ಯಾಂಪಲ್ ಎಲ್ಲಿಂದ ತರಲಿ?"

"ಅದು ಮಾರೋರ ತಲೆನೋವು."

ತಂದೇಬಿಟ್ಟೆ. ಪಕ್ಕದ ದೊಡ್ಡ ಊರಿನ ಮಾಲ್ ಒಂದರಲ್ಲಿ ಯಂತ್ರದಿಂದ ಹಿಮ ಸುರಿಸಿ ಇಳಿಜಾರು ಮಾಡಿದ್ದಾರೆಂದು ಪತ್ತೆ ಹಚ್ಚಿದೆ. ಒಪ್ಪಂದವಾಯಿತು: ಸ್ಯಾಂಪಲ್ ಒಪ್ಪಿಗೆಯಾದರೆ ಈ ಚಳಿಗಾಲಕ್ಕೆ ಬೆಟ್ಟ, ಇಲ್ಲವಾದರೆ ನಕ್ಷೆಗಳೆಲ್ಲ ಅಟ್ಟಕ್ಕೆ, ಸ್ಕೀ ಎಂಬ ಶಬ್ದ ಮನೆಯಲ್ಲಿ ಮತ್ತೆ ಕೇಳಕೂಡದು.

ನನ್ನ ಬದುಕಿನ ಏಕೈಕ ಜಾರುವಿಕೆ ಅತ್ತೆಯ ಮೊಣಕಾಲುಗಳ ಮೇಲೆ ನಿಂತಿತ್ತು. ಅವರು ಹೆದರಿದರೆ ಮಗ ಸ್ಯಾಂಪಲ್ ಒಪ್ಪುವುದಿಲ್ಲ, ಎಲ್ಲವೂ ಮುಗಿಯಿತು. ಆದ್ದರಿಂದ ಹಜಾರದಲ್ಲೇ ತರಬೇತಿ ಶಿಬಿರ ತೆರೆದೆ. ಪುಸ್ತಕಗಳಲ್ಲಿ ಓದಿದ್ದು ನನಗೆ ಬಾಯಿಪಾಠವಾಗಿತ್ತು.

"ಮೊಣಕಾಲು ಬಗ್ಗಿಸಿ ಅತ್ತೆ. ಮುಂದೆ ನೋಡಿ. ನಿಲ್ಲಬೇಕಾದ್ರೆ ಸ್ಕೀ ಮೂತಿ ಎರಡೂ ಹತ್ತಿರ, ಬಾಲ ದೂರ. ಈಗ ಗೋಡೆ ಬಿಡಿ."

"ಬಿಡ್ತೀನಿ, ಬಿಡ್ತೀನಿ," ಎಂದು ಅತ್ತೆ ಇನ್ನೂ ಗಟ್ಟಿಯಾಗಿ ಹಿಡಿದರು. "ನೀನು ಪಾಠ ಮಾಡೋಳು ಕಣಮ್ಮಾ. ಬಾಯಲ್ಲೇ ಎಷ್ಟು ಬೆಟ್ಟ ಬೇಕಾದ್ರೂ ಇಳೀತೀಯ."

ಮಾಲಿನ ಹಿಮದ ಕೋಣೆ ಒಳಗಿನಿಂದ ನೋಡಿದ ಫ್ರಿಜ್ಜಿನಂತಿತ್ತು. ಬಾಡಿಗೆಯ ಕಿತ್ತಳೆ ಬಣ್ಣದ ಕೋಟು ತೊಟ್ಟು ಮೂವರೂ ಒಳಗೆ ಹೋದೆವು. ನನ್ನ ಗಂಡ ಹೋದವರೇ ಮಂಡಿಯೂರಿ, ಟೈಲ್ಸ್ ಪರೀಕ್ಷಿಸುವ ಹಾಗೆ ಹಿಮವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು.

"ಕೆಳಗೆ ಟೊಳ್ಳಿದೆ."

"ಸಾರ್, ಎದ್ದೇಳಿ," ಎಂದ ಅಲ್ಲಿನ ತರಬೇತುದಾರ. "ಮೇಲಿಂದ ಬರೋರು ನಿಮ್ಮ ಮೇಲೇ ಇಳಿದಾರು."

ಸ್ಕೀ ಕಟ್ಟಿ ನಿಂತವರನ್ನು ಹೊತ್ತು ಮೇಲಕ್ಕೆ ಜರುಗುವ ಒಂದು ರಬ್ಬರ್ ಪಟ್ಟಿ ಇತ್ತು. ಅತ್ತೆ ನನ್ನ ಹೆಗಲು ಹಿಡಿದರು. ಗೋಡೆ ಇಲ್ಲದ ಕಡೆ ಸೊಸೆಯೇ ಗೋಡೆ. ತುದಿ ತಲುಪಿ ಕೆಳಗೆ ನೋಡಿದೆ. ಬಿಳಿ ಇಳಿಜಾರು ಸದ್ದಿಲ್ಲದೆ ಮಲಗಿತ್ತು. ಎಲ್ಲೋ ಒಂದು ಯಂತ್ರ ಉಸಿರಾಡುತ್ತಿತ್ತು. ನಾನು ವರ್ಷಗಳಿಂದ ಕಾದಿದ್ದ ಕ್ಷಣ ಅದು. ಆಗ ನನ್ನ ಮೊಣಕಾಲುಗಳು ಬಗ್ಗಲಾರೆವೆಂದು ತಿಳಿಸಿದವು.

ಸುಮ್ಮನೆ ನಿಂತರೆ ಗೌರವವಲ್ಲ. ಆದ್ದರಿಂದ ಪಾಠ ಆರಂಭಿಸಿದೆ. "ಅತ್ತೆ, ನಿಜವಾದ ಹಿಮನದಿಗೆ ಯಾವ ಅವಸರವೂ ಇರಲ್ಲ. ಅದು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತೆ."

"ನೀನೂ ಅದರ ಜೊತೆ ಬರೋ ಹಾಗಿದೆ," ಎಂದರು ಅತ್ತೆ.

ಆಮೇಲೆ ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಹಿಡಿಯೋಕೆ ಏನೂ ಇಲ್ಲ ಅಂದಮೇಲೆ ಯಾಕೆ ಹಿಡೀಬೇಕು?" ಎಂದು ನನ್ನ ಹೆಗಲು ಬಿಟ್ಟರು. ಬಿಟ್ಟವರು ಹೋದರು. ಕಿತ್ತಳೆ ಕೋಟು ಚಿಕ್ಕದಾಗುತ್ತ, ಚಿಕ್ಕದಾಗುತ್ತ, ಬುಡದಲ್ಲಿ ಮೂತಿ ಹತ್ತಿರ, ಬಾಲ ದೂರ ಮಾಡಿ ನಿಂತಿತು. "ಇನ್ನೊಂದ್ಸಲ!" ಎಂಬ ಕೂಗು ಮಾಲಿನ ಛಾವಣಿಗೆ ತಾಗಿತು.

ನನ್ನ ಗಂಡನೂ ಹೊರಟರು. ಜನ ಹೇಗೆಲ್ಲ ಜಾರುತ್ತಾರೆಂದು ಇಷ್ಟು ಕಾಲ ಅಧ್ಯಯನ ಮಾಡಿದವರಿಗೆ ಬೀಳದಿರುವುದು ಎಡಗೈ ಕೆಲಸ.

ಅವರಿಬ್ಬರೂ ಮತ್ತೆ ಮತ್ತೆ ಮೇಲೆ ಬಂದು, ನನ್ನನ್ನು ಮಾತಾಡಿಸಿ, ಮತ್ತೆ ಇಳಿದರು. ಕೊನೆಗೆ ತರಬೇತುದಾರನೇ ಬಂದ.

"ಮೇಡಂ, ಇಳೀತೀರಾ, ಇಳಿಸಬೇಕಾ?"

ಮೇಲೆ ಬರುವ ಪಟ್ಟಿಯನ್ನು ನನ್ನೊಬ್ಬಳಿಗಾಗಿ ಹಿಮ್ಮುಖ ಓಡಿಸಿದರು. ಸರದಿಯಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು, ವಿಮಾನದಿಂದ ಇಳಿದು ಬರುವ ಮಂತ್ರಿಯನ್ನು ನೋಡುವಂತೆ ನೋಡಿದರು. ಮಂತ್ರಿಣಿಯು ಪಟ್ಟಿಯ ಕೊನೆಯಲ್ಲಿ ಕಾಲಿಟ್ಟ ಕೂಡಲೇ ಬಿದ್ದಳು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ ನನಗೆ ಮೀಸೆಯೂ ಇರಲಿಲ್ಲ, ಅಲ್ಲಿ ಮಣ್ಣೂ ಇರಲಿಲ್ಲ.

ನನ್ನ ಗಂಡ ಕೈಹಿಡಿದು ಎಬ್ಬಿಸಿ ತೀರ್ಪು ಕೊಟ್ಟರು. "ಮಾಲು ಚೆನ್ನಾಗಿದೆ. ತಗೋಬಹುದು."

ಹೀಗೆ ನನ್ನ ಆಸೆ ನೆರವೇರುತ್ತಿದೆ. ಚಳಿಗಾಲಕ್ಕೆ ಟಿಕೆಟ್ ಆಗಿದೆ. ನಾನು ವರಿಸಿದ ಸೌಮ್ಯ ಬೆಟ್ಟಕ್ಕಲ್ಲ, ಗೆರೆಗಳು ಒತ್ತೊತ್ತಾಗಿದ್ದ ಆ ಮೂರನೆಯದಕ್ಕೆ.

"ಹಸಿರೆಲ್ಲ ಯಾರಿಗೆ ಬೇಕೋ ಮಗಾ," ಎಂದು ಅತ್ತೆಯೇ ನಕ್ಷೆಯ ಮೇಲೆ ಬೆರಳಿಟ್ಟು ಆರಿಸಿದರು. "ಕಪ್ಪು ಜಾಸ್ತಿ ಇರೋ ಕಡೆ ಹೋಗೋಣ. ಇವಳಿಗೆ ಒಳ್ಳೆ ಕಿಟಕಿ ಇರೋ ಕೋಣೆ ಹಿಡಿ ಸಾಕು. ಕೂತು ನೋಡ್ತಾಳೆ."

ಅಮ್ಮನ ಅಭ್ಯಾಸಕ್ಕೆ ಅಡ್ಡಿಯಾಗಬಾರದೆಂದು ನನ್ನ ಗಂಡ ಹಜಾರದ ಒರಟು ಟೈಲ್ಸ್ ಕಿತ್ತು, ಅಂಗಡಿಯಲ್ಲಿ ಅತ್ಯಂತ ನುಣುಪಾದದ್ದನ್ನು ತಂದು ಹಾಸಿದ್ದಾರೆ. ಅತ್ತೆ ಈಗ ಕಾಲುಚೀಲ ತೊಟ್ಟು ಹಜಾರದಿಂದ ಅಡುಗೆಮನೆಗೆ ಒಂದೇ ಉಸಿರಿಗೆ ಹೋಗುತ್ತಾರೆ. ನಾನು ಕಾಫಿಯ ಲೋಟ ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ ಬರುತ್ತೇನೆ. ಬರಲು ಬಹಳ ಹೊತ್ತು ಹಿಡಿಯುತ್ತದೆ.

"ಮೊಣಕಾಲು ಬಗ್ಗಿಸಮ್ಮಾ," ಎನ್ನುತ್ತಾರೆ ಅತ್ತೆ, ನನ್ನನ್ನು ದಾಟಿ ಹೋಗುತ್ತ. "ಮುಂದೆ ನೋಡು. ಗೋಡೆ ಬಿಡು."

ಬಿಡುತ್ತೇನೆ, ಬಿಡುತ್ತೇನೆ. ಅವರ ಹಳೆಯ ಮಾಸಲು ಗೆರೆಯ ಪಕ್ಕದಲ್ಲೇ, ಒಂದು ಬೆರಳು ಮೇಲೆ, ಈಗ ಇನ್ನೊಂದು ಗೆರೆ ಮೂಡುತ್ತಿದೆ. ಗೆರೆಗಳು ಹತ್ತಿರ ಬಂದಷ್ಟೂ ಇಳಿಜಾರು ಕಡಿದು. ನಾನೇ ಮಾಡಿದ ಪಾಠ.