ಎಲ್ಲರೂ ಹೊಗಳಿದ ನೇರಳೆ ಕೋಳಿ

ಹೆಂಡತಿ ಮನೆಯಲ್ಲಿಲ್ಲದಿದ್ದರೆ ಗಂಡಸು ಉಪವಾಸ ಬೀಳುತ್ತಾನೆ ಎಂಬ ಅಪವಾದವನ್ನು ಭೂಮಿಯ ಮೇಲಿಂದಲೇ ಒರೆಸಿ ಹಾಕುತ್ತೇನೆಂದು ಲಿಫ್ಟಪ್ಪ ಆ ಭಾನುವಾರ ಬೆಳಿಗ್ಗೆ ಸೊಂಟಕ್ಕೆ ಏಪ್ರನ್ ಬಿಗಿದು ಪಣ ತೊಟ್ಟ. ಏಪ್ರನ್ ಹೆಂಡತಿಯದು. ಅದರ ತುಂಬ ಹಳದಿ ಹೂಗಳು. ದಾರ ಹಿಂದಕ್ಕೆ ಎಟುಕದೆ ಹೊಟ್ಟೆಯ ಪಕ್ಕದಲ್ಲೇ ಗಂಟು ಬಿದ್ದಿತ್ತು. ಇಷ್ಟರಿಂದೆಲ್ಲ ಪ್ರತಿಜ್ಞೆಯ ಗಾಂಭೀರ್ಯಕ್ಕೆ ಕುಂದು ಬರುತ್ತದೆಯೇ? ಖಂಡಿತ ಇಲ್ಲ!

ಲಿಫ್ಟು ರಿಪೇರಿ ಮಾಡುವವನಾದ್ದರಿಂದ ಸ್ನೇಹಿತರು ಅವನಿಗೆ ಲಿಫ್ಟಪ್ಪ ಎಂದು ನಾಮಕರಣ ಮಾಡಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಕರೆಂಟ್ ಬಿಲ್ಲಿನ ಮೇಲಷ್ಟೇ ಉಳಿದಿತ್ತು. ಸ್ನೇಹಿತರು ಮೂವರು: ಹಲ್ಲಿನ ಡಾಕ್ಟರು, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಮೂಲೆ ಅಂಗಡಿಯ ಟೈಲರಮ್ಮ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಟ. ಬರುವವರು ಮನೆಯಲ್ಲಿ ಮಾಡಿದ ಒಂದು ತಿನಿಸು, ಒಂದು ಬಾಟಲಿ ವೈನು ತರಬೇಕು. ಮುಖ್ಯ ಅಡುಗೆ ಮಾತ್ರ ಮನೆಯವರದು. ಮಿಕ್ಕಿದ್ದನ್ನು ಮಾಡಿದವರೇ ತಿಂದು ಮುಗಿಸಬೇಕು ಎಂಬುದು ಕೂಟದ ಕಾನೂನು. ಆದ್ದರಿಂದ ಒಬ್ಬರ ಮೇಲೊಬ್ಬರ ಕರುಣೆಯಿಂದ ಎಲ್ಲರೂ ಎಲ್ಲವನ್ನೂ ತಿನ್ನುತ್ತಿದ್ದರು. ಹೊಗಳುತ್ತಲೂ ಇದ್ದರು. "ಇದಕ್ಕೆ ಉಪ್ಪೇ ಇಲ್ಲವಲ್ಲ!" ಎಂದು ಮುಖಕ್ಕೆ ಹೇಳುತ್ತಿದ್ದವಳು ಒಬ್ಬಳೇ, ಲಿಫ್ಟಪ್ಪನ ಹೆಂಡತಿ.

ಅವಳು ನರ್ಸು. ಹೊಸ ನರ್ಸುಗಳಿಗೆ ತರಬೇತಿ ಕೊಡಲು ದೂರದ ಆಸ್ಪತ್ರೆಯೊಂದಕ್ಕೆ ಅರ್ಧ ವರ್ಷದ ಮಟ್ಟಿಗೆ ಹೋಗಿದ್ದಳು. ಅವಧಿ ಇನ್ನೇನು ಮುಗಿಯುತ್ತಾ ಬಂದಿತ್ತು. ಲಿಫ್ಟಪ್ಪ ಒಳಗೊಳಗೇ ದಿನ ಎಣಿಸುತ್ತಿದ್ದ. ಅಷ್ಟರಲ್ಲಿ ಹಿಂದಿನ ದಿನ, ಶನಿವಾರ, ಅವಳ ಫೋನು ಬಂದಿತ್ತು.

"ಇನ್ನೂ ಅರ್ಧ ವರ್ಷ ಇರ್ತೀರಾ ಅಂತ ಕೇಳ್ತಿದಾರೆ ರೀ. ನಾಳೆಯೊಳಗೆ ಹೇಳ್ಬೇಕಂತೆ. ಏನು ಹೇಳ್ಲಿ?"

ಲಿಫ್ಟಪ್ಪನ ಎದೆ ಹಗ್ಗ ಕಳಚಿದ ಲಿಫ್ಟಿನಂತೆ ನೆಲಮಾಳಿಗೆಗೆ ಇಳಿಯಿತು. ಬಾಯಿ ಮಾತ್ರ ಮೇಲಿನ ಮಹಡಿಯಲ್ಲೇ ಇತ್ತು.

"ಧಾರಾಳವಾಗಿ ಇರು ಕಣೇ! ನನಗೇನಾಗಿದೆ ಇಲ್ಲಿ? ರಾಜನ ಥರ ಇದೀನಿ! ನಾಳೆ ಕೂಟ ನಮ್ಮನೇಲೇ. ನೀನು ಮಾಡ್ತಿದ್ಯಲ್ಲ, ವೈನಲ್ಲಿ ಬೇಯಿಸಿದ ಕೋಳಿ? ಅದನ್ನ ನಾನೇ ಮಾಡ್ತಿದೀನಿ!"

"ನೀವಾ?"

"ಇಪ್ಪತ್ತು ಮಹಡಿ ಲಿಫ್ಟು ಏರಿಸೋನಿಗೆ ಒಂದು ಕೋಳಿ ಯಾವ ಮಹಾ!"

ಅವಳು ಇನ್ನೇನೋ ಹೇಳಹೊರಟು ಬಿಟ್ಟಳು. ಆಮೇಲೆ, "ಸರಿ ಬಿಡಿ, ಊಟದ ಹೊತ್ತಿಗೆ ಫೋನ್ ಮಾಡ್ತೀನಿ," ಎಂದಳು.

ರಾಜನ ಅರಮನೆಯ ಸ್ಥಿತಿ ಹೇಳುತ್ತೇನೆ, ಕೇಳಿ. ರಾಜ ದಿನಾ ಬೆಳಿಗ್ಗೆ ಮರೆತು ಎರಡು ಲೋಟ ಕಾಫಿ ಮಾಡುತ್ತಿದ್ದ. ಒಂದನ್ನು ಬಿಸಿಯಾಗಿ ಕುಡಿದು, ಇನ್ನೊಂದರ ಮುಂದೆ ಅದು ಆರುವವರೆಗೂ ಕೂತಿರುತ್ತಿದ್ದ. ರಿಪೇರಿಗೆಂದು ಲಿಫ್ಟಿನ ತಳದ ಗುಂಡಿಗೆ ಇಳಿದರೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ಗುಂಡಿಗೆ ಇಳಿಯುವುದನ್ನೇ ಬಿಟ್ಟಿದ್ದ. ಕೆಟ್ಟ ಲಿಫ್ಟು ಕಾಯಲಿ, ಜನ ಮೆಟ್ಟಿಲು ಹತ್ತಲಿ! ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದರೂ ಬೈಯುವವರಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಹಾಗಾದರೆ "ಸಾಕು, ಬಂದುಬಿಡು" ಎಂದು ಹೇಳಬಾರದಿತ್ತೇ? ಹೇಗೆ ಹೇಳುವುದು! ಎಷ್ಟೋ ವರ್ಷ ಕಾದು ಅವಳು ಪಡೆದ ಕೆಲಸ ಅದು. ಅದಕ್ಕೆ ಅಡ್ಡಗಾಲು ಹಾಕಿದ ಗಂಡ ಎನ್ನಿಸಿಕೊಳ್ಳುವುದಕ್ಕಿಂತ ಎರಡನೇ ಲೋಟದ ಮುಂದೆ ಕೂರುವುದೇ ಲೇಸು ಎಂದುಕೊಂಡಿದ್ದ. ಆ ಕೋಳಿಯಾದರೂ ಯಾಕೆ? ಅದು ಬೇಯುವಾಗ ಮನೆ ತುಂಬ ಹರಡುತ್ತಿದ್ದ ವಾಸನೆ ಅವನಿಗೆ ಮತ್ತೊಮ್ಮೆ ಬೇಕಾಗಿತ್ತು, ಅಷ್ಟೆ.

ಅವಳು ಪಾತ್ರೆಗೆ ವೈನು ಸುರಿಯುವುದನ್ನು ಅವನು ಅನೇಕ ಸಲ ನೋಡಿದ್ದ. ಎಷ್ಟು ಸುರಿಯುತ್ತಾಳೆ ಎನ್ನುವುದನ್ನು ಮಾತ್ರ ನೋಡಿರಲಿಲ್ಲ. ಆಗೆಲ್ಲ ಅವನ ಕಣ್ಣು ಬಾಟಲಿಯಲ್ಲಿ ಎಷ್ಟು ಉಳಿದಿದೆ ಎನ್ನುವುದರ ಮೇಲಿರುತ್ತಿತ್ತು! ಆದ್ದರಿಂದ ಇಡೀ ಬಾಟಲಿ ಬಗ್ಗಿಸಿದ. ಉರಿ ಭಗ್ಗೆಂದು ಎದ್ದು ಎಡಹುಬ್ಬನ್ನು ನೆಕ್ಕಿಕೊಂಡು ಹೋಯಿತು. ರುಚಿ ನೋಡಿದ: ಹುಳಿ. ಸಕ್ಕರೆ ಹಾಕಿದ: ಪಾನಕ. ಉಪ್ಪು ಹಾಕಿದ: ಸಮುದ್ರ. ನೀರು ಹಾಕಿದ, ತೆಳ್ಳಗಾಯಿತು. ಗಟ್ಟಿಯಾಗಲೆಂದು ಹಿಟ್ಟು ಸುರಿದ, ಗೋಲಿಯಂಥ ಗಂಟುಗಳಾದವು. ಗಂಟುಗಳನ್ನು ಒಂದೊಂದಾಗಿ ಬೇಟೆಯಾಡುತ್ತಿರುವಾಗ ತಳ ಹಿಡಿಯಿತು. ಹಿಡಿದ ತಳ ಬಿಡಿಸಲು, ಅತಿಥಿಗಳಿಗೆಂದು ಇಟ್ಟಿದ್ದ ಎರಡನೇ ಬಾಟಲಿಯನ್ನೂ ಸುರಿದ.

ಮುಚ್ಚಳ ತೆರೆದರೆ ಕೋಳಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಸೀದ ವಾಸನೆ ಬಂತೇ ಹೊರತು ಆ ವಾಸನೆ ಬರಲಿಲ್ಲ. ಕೈಯಲ್ಲಿ ಮುಚ್ಚಳ ಹಿಡಿದು ಅವನು ಸುಮಾರು ಹೊತ್ತು ಹಾಗೇ ನಿಂತಿದ್ದ. ಅವಳಿದ್ದಿದ್ದರೆ ಇಷ್ಟು ಹೊತ್ತಿಗೆ ಎಷ್ಟು ಬೈದಿರುತ್ತಿದ್ದಳು ಅನ್ನಿಸಿತು.

ಮಧ್ಯಾಹ್ನ ಸ್ನೇಹಿತರು ಬಂದರು. ಡಾಕ್ಟರು ಸೌತೆಕಾಯಿ ಸಲಾಡು, ಬಿಳಿ ವೈನು ತಂದಿದ್ದರು. ಟೈಲರಮ್ಮ ಕೇಕು, ಕೆಂಪು ವೈನು. ಮೇಷ್ಟ್ರು ಬೇಯಿಸಿದ ಆಲೂಗಡ್ಡೆ ಮತ್ತು ಇನ್ನೊಂದು ಕೆಂಪು ಬಾಟಲಿ ಹಿಡಿದು ಬಸ್ಸಿನಲ್ಲಿ ಬಂದಿದ್ದರು. ಕುಡಿದು ಕಾರು ಓಡಿಸಿದರೆ ಶಿಷ್ಯರಿಗೆ ಯಾವ ಮುಖ ತೋರಿಸುವುದು! ಲಿಫ್ಟಪ್ಪ ಮೂವರನ್ನೂ ಬಾಗಿಲಲ್ಲೇ ತಡೆದ.

"ಇನ್ನೇನು ಅವಳು ಫೋನ್ ಮಾಡ್ತಾಳೆ. ಮನೆ ಚೆನ್ನಾಗಿದೆ, ಊಟ ಚೆನ್ನಾಗಿದೆ, ನಾನು ಚೆನ್ನಾಗಿದೀನಿ ಅಂತ ಹೇಳ್ಬೇಕು. ಅಲ್ಲಿ ಅವಳಿಗೆ ಚಿಂತೆ ಹತ್ತಬಾರದು."

ಟೈಲರಮ್ಮ ಅವನ ಅರ್ಧ ಹುಬ್ಬನ್ನು ನೋಡಿದಳು. "ಮೂರರಲ್ಲಿ ಒಂದಾದ್ರೂ ನಿಜ ಇದ್ದಿದ್ರೆ ಹೇಳೋದು ಸುಲಭ ಇತ್ತಪ್ಪ."

ಎಲ್ಲರೂ ಬಡಿಸಿಕೊಂಡರು. ಡಾಕ್ಟರು ಅಗಿಯುತ್ತಾ ಅಗಿಯುತ್ತಾ ಸ್ತಬ್ಧರಾದರು.

"ಇದು ಮೂಳೆನಾ?"

"ಇಲ್ಲ, ಹಿಟ್ಟಿನ ಗಂಟು."

"ಪರವಾಗಿಲ್ಲ. ನನಗೂ ನಾಲ್ಕು ಪೇಷಂಟು ಸಿಕ್ಕ ಹಾಗಾಯ್ತು!"

"ಒಂದೇ ಸಲ ನುಂಗ್ಬೇಡಿ," ಎಂದರು ಮೇಷ್ಟ್ರು. "ಏರು ರಸ್ತೆ ಇದು. ಫಸ್ಟ್ ಗೇರಲ್ಲೇ ಹೋಗಿ." ಒಂದೊಂದು ತುತ್ತಿಗೂ ಒಂದೊಂದು ಗುಟುಕು ವೈನು ಬೇಕಾಯಿತು. ಹೀಗೆ ಮೂರು ಬಾಟಲಿಗಳೂ ಬೇಗ ಬೇಗ ಹಗುರವಾದವು, ನಾಲಿಗೆಗಳು ಸಡಿಲವಾದವು.

ಫೋನು ಬಂತು. ಲಿಫ್ಟಪ್ಪ ಅದನ್ನು ಬಾಟಲಿಗೆ ಒರಗಿಸಿ ಮೇಜಿನ ಮೇಲಿಟ್ಟ. ಪರದೆಯ ತುಂಬ ಹೆಂಡತಿಯ ಮುಖ. ಸ್ವಲ್ಪ ಇಳಿದಿದ್ದಾಳೆ ಅನ್ನಿಸಿತು.

"ಹೇಗಿದೆ ಊಟ?" ಎಂದಳು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ," ಎಂದರು ಮೇಷ್ಟ್ರು, "ನಿಮ್ಮ ಕೈರುಚೀನೂ ಮೀರಿಸಿಬಿಟ್ಟ!"

"ಹೌದಾ?"

"ಬಾಯಲ್ಲಿಟ್ರೆ ಕರಗುತ್ತೆ!" ಎಂದರು ಡಾಕ್ಟರು, ಗಂಟನ್ನು ಕೆನ್ನೆಯ ಸಂದಿಗೆ ತಳ್ಳಿಕೊಂಡು.

"ಮನೆ?"

"ಕನ್ನಡಿ! ನೆಲದಲ್ಲಿ ಮುಖ ನೋಡ್ಕೋಬಹುದು!"

"ಇವರು?"

"ಇವನಿಗೇನು?" ಎಂದರು ಮೇಷ್ಟ್ರು. "ಗುಂಡುಕಲ್ಲಿನ ಥರ ಇದಾನೆ! ಒಂದು ಸುತ್ತು ದಪ್ಪ ಬೇರೆ ಆಗಿದಾನೆ! ನೀವು ವರ್ಷಗಟ್ಟಲೆ ಅಲ್ಲೇ ಇದ್ರೂ ಇವನಿಗೆ ಗೊತ್ತೇ ಆಗಲ್ಲ ಅತ್ತಿಗೆ!"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಸ್ನೇಹಿತರು! ಲಿಫ್ಟಪ್ಪ ಮೇಜಿನ ಕೆಳಗೆ ಕಾಲಿನಿಂದ ತಿವಿದು ತಡೆಯಲು ನೋಡಿದ. ಸಾಲದು, ಇನ್ನೂ ಹೊಗಳು ಎಂದು ಮೇಷ್ಟ್ರು ಅರ್ಥ ಮಾಡಿಕೊಂಡರು.

ಪರದೆಯ ಮೇಲಿನ ಮುಖ ಒಂದೊಂದು ಮಾತಿಗೂ ಬಾಡುತ್ತಾ ಬಂತು. ಕೊನೆಗೆ ಅವಳು ನಕ್ಕಳು, ಕಣ್ಣು ನಗಲಿಲ್ಲ.

"ಒಳ್ಳೇದಾಯ್ತು ಬಿಡಿ. ನನಗೂ ಒಂದು ಚಿಂತೆ ಕಳೀತು. ಇನ್ನೂ ಅರ್ಧ ವರ್ಷ ಇರ್ತೀನಿ ಅಂತ ಸಂಜೆ ಹೇಳಿಬಿಡ್ತೀನಿ."

ಫೋನು ಆರಿತು. ಮೇಷ್ಟ್ರು, "ಗೆದ್ವಿ!" ಎಂದು ಲೋಟ ಎತ್ತಿದರು. ಯಾರೂ ತಾಗಿಸಲಿಲ್ಲ. ಫೋನಿನ ಮುಂದೆ ತುಟಿ ಬಿಚ್ಚದಿದ್ದ ಟೈಲರಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಅವಳ ಮುಖ ನೋಡಿದ್ಯೇನಪ್ಪಾ? ನೀನಿಲ್ಲದೇ ಇದ್ರೂ ನಡೆಯುತ್ತೆ ಅಂತ ನಾವೆಲ್ಲ ಸೇರಿ ಹೇಳಿ ಕಳಿಸಿದ ಹಾಗಾಯ್ತು."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಆ ಜಟ್ಟಿಯ ಮೀಸೆ ಈಗ ಮಣ್ಣಲ್ಲೇ ಹೂತು ಹೋಯಿತು. ಲಿಫ್ಟಪ್ಪ ಫೋನು ಕಿತ್ತುಕೊಂಡು, ಅವಳಿಗೆ ಮತ್ತೆ ಕರೆ ಮಾಡುತ್ತಾ ಅಡುಗೆಮನೆಗೆ ಓಡಿದ.

"ಏನ್ರೀ ಮತ್ತೆ?"

ಅವನು ಫೋನನ್ನು ಪಾತ್ರೆಯ ಮೇಲೆ ಹಿಡಿದ.

"ಅಯ್ಯಯ್ಯೋ! ಯಾರಿಗೆ ಏಟಾಗಿದ್ದು ಅದು?" ನರ್ಸಿನ ದನಿ ಗಾಬರಿಯಾಯಿತು.

"ಕೋಳಿ ಕಣೇ."

ಅವಳು ನಗತೊಡಗಿದಳು. ನಕ್ಕಳು, ನಕ್ಕಳು, ನಗು ಎಲ್ಲಿಯೋ ದಾರಿ ತಪ್ಪಿ ಬಿಕ್ಕಳಿಕೆಯಾಯಿತು. "ಕೆಟ್ಟದಾಗಿದೆ ಅಂತ ಒಬ್ಬರಾದ್ರೂ ಅಂತಾರೇನೋ ಅಂತ ಕಾಯ್ತಿದ್ದೆ ರೀ ನಾನು. ಒಬ್ಬರೂ ಅನ್ನಲಿಲ್ಲ."

"ಉಪ್ಪು ಜಾಸ್ತಿ, ಸಕ್ಕರೆ ಜಾಸ್ತಿ. ಹುಬ್ಬು ಅರ್ಧ ಇಲ್ಲ. ನೀನು ಪೂರ್ತಿ ಇಲ್ಲ," ಎಂದ ಲಿಫ್ಟಪ್ಪ. "ಆದ್ರೂ ನೀನು ಅಲ್ಲೇ ಇರು. ನಿನ್ನ ಕೆಲಸ ನಾನು ಕೆಡಿಸಲ್ಲ. ನೀನಿಲ್ಲದೆ ನನ್ನ ಕೈಲಾಗ್ತಿಲ್ಲ ಅನ್ನೋದು ನಿನಗೆ ಗೊತ್ತಿರಲಿ, ಅಷ್ಟೇ."

ಅವಳು ಮೂಗು ಒರೆಸಿಕೊಂಡಳು.

"ನನಗೆ ಇಲ್ಲಿ ಇರೋಕೂ ಇಷ್ಟ ರೀ. ಹುಡುಗೀರು ಈಗ ತಾನೇ ಕೈ ನಡುಗದೆ ಸೂಜಿ ಹಿಡೀತಿದಾರೆ. ಕೇಳಿ, ಈ ಆಸ್ಪತ್ರೇಲಿ ಎರಡು ಲಿಫ್ಟು. ಒಂದು ಕೆಟ್ಟಿರುತ್ತೆ, ಇನ್ನೊಂದು ಕೆಡೋಕೆ ಕಾಯ್ತಿರುತ್ತೆ. ಮೆಕ್ಯಾನಿಕ್ ಬೇಕಾಗಿದೆ ಅಂತ ಬೋರ್ಡ್ ಹಾಕಿ ಎಷ್ಟೋ ದಿನ ಆಯ್ತು. ನಿಮಗೆ ಹೇಳೋಣ ಅಂತಾನೇ ನಾನು ನಿನ್ನೆ ಫೋನ್ ಮಾಡಿದ್ದು. ನೀವು ನೋಡಿದ್ರೆ ರಾಜನ ಥರ ಇದೀನಿ ಅಂತೀರಿ. ರಾಜನ್ನ ರಿಪೇರಿಗೆ ಕರೆಯೋದು ಹೇಗೆ ಅಂತ ಸುಮ್ಮನಾದೆ."

ಲಿಫ್ಟಪ್ಪನಿಗೆ ತನ್ನ ಕೆನ್ನೆಗೆ ತಾನೇ ಎರಡು ಬಿಗಿದುಕೊಳ್ಳಬೇಕು ಅನ್ನಿಸಿತು. ಅಡುಗೆಮನೆಯ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ ಮೂವರೂ ಒಟ್ಟಿಗೇ ಒಳಗೆ ಬಿದ್ದರು. "ಬರ್ತೀನಿ ಅನ್ನೋ ಮಂಕೇ!" ಎಂದು ಟೈಲರಮ್ಮ ಬೆನ್ನಿಗೆ ಗುದ್ದಿದಳು.

ಲಿಫ್ಟಪ್ಪ ಕಣ್ಣು ಒರೆಸಿಕೊಂಡು, ದನಿಯನ್ನು ಆದಷ್ಟೂ ವ್ಯವಹಾರಕ್ಕೆ ತಂದುಕೊಂಡ. "ಊಟ, ವಸತಿ?"

"ಎರಡೂ ಉಂಟು. ನನ್ನ ಕ್ವಾರ್ಟರ್ಸಲ್ಲೇ. ನೀವು ಬರೋದರೊಳಗೆ ನಾನೂ ಒಂದು ಬೋರ್ಡ್ ಬರೆಸಿ ಅಡುಗೆಮನೆ ಬಾಗಿಲಿಗೆ ಹಾಕಿರ್ತೀನಿ."

"ಏನಂತ?"

"ಮೆಕ್ಯಾನಿಕ್‌ಗಳಿಗೆ ಪ್ರವೇಶವಿಲ್ಲ!"